ಬರಿ ಪೊಟ್ಟಣ

ಕಮರಿಯ ಈಚೆ ನಾವು, ಆಚೆ ಅವರು, ನಡುವೆ ಒಂದು ಹಗ್ಗ. ಆ ಹಗ್ಗದ ಮೇಲೆ ಜನ ಜೀವಮಾನದಲ್ಲಿ ಒಂದೇ ಸಲ ದಾಟುತ್ತಾರೆ, ಬುಟ್ಟಿಯಲ್ಲಿ ಕೂತು, ಹೆಚ್ಚಾಗಿ ಮದುವೆಯ ಮರುದಿನ. ದಾಟಿದವರು ಹಿಂದಿರುಗುವುದಿಲ್ಲ. ಯಾಕೆಂದು ಚಿಕ್ಕವಳಿದ್ದಾಗ ಅಮ್ಮನನ್ನು ಕೇಳಿದ್ದೆ. "ಮೊಸರಾದ್ಮೇಲೆ ಮತ್ತೆ ಹಾಲಾಗ್ತದೇನೆ?" ಎಂದು ಕಡೆಗೋಲು ತೊಳೆಯುತ್ತಾ ಹೇಳಿದ್ದಳು. ಆಮೇಲೆ ನಾನೂ ಕೇಳಲಿಲ್ಲ. ಮಿಕ್ಕಂತೆ ಹಗ್ಗದ ಮೇಲೆ ಓಡಾಡುವುದು ಮಾತು ಮಾತ್ರ.

ಹಗ್ಗದ ಎರಡೂ ತುದಿಯಲ್ಲಿ ಒಂದೊಂದು ಜರಡಿಮನೆಯಿದೆ. ನಾನು ಕೆಲಸ ಮಾಡುವುದು ನಮ್ಮ ತುದಿಯದರಲ್ಲಿ. ಆಚೆಯಿಂದ ಬಂದ ಪೊಟ್ಟಣ ಬಿಚ್ಚಿ ಕಿವಿಗಲ್ಲಿನ ಮೇಲೆ ಸುರಿಯಬೇಕು, ಅಷ್ಟೇ. ಪೊಟ್ಟಣಗಳು ಮುತ್ತುಗದೆಲೆಯವು, ಹೆಬ್ಬೆರಳಿನಷ್ಟು ದಪ್ಪ, ಒಂದರಲ್ಲಿ ಅರ್ಧ ಪದ ಹಿಡಿದರೆ ಹೆಚ್ಚು. ಸುರಿದ ಕೂಡಲೇ ಒಳಗಿನ ಪುಡಿ ದನಿಯಾಗಿ ಏಳುತ್ತದೆ, ಕಲ್ಲಿನ ಆ ಬದಿ ಕೂತವರು ಕೇಳಿಸಿಕೊಳ್ಳುತ್ತಾರೆ. ಕೈ ನಿಧಾನವಾಗಬಾರದು. ತಡವಾಗಿ ಬಂದ ಪೊಟ್ಟಣವನ್ನು ಬಿಚ್ಚದೆ ಎಸೆಯಬೇಕು, ಏಕೆಂದರೆ ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಹಾಗೆ ಎಸೆಯುವ ಮುನ್ನ ಮೊದಮೊದಲು ಅಂಗೈಯಲ್ಲಿ ತೂಗಿ ನೋಡುತ್ತಿದ್ದೆ. ಒಳಗೆ ಏನಿತ್ತೋ.

"ಡಿಗ್ರಿ ಮುಗಿಸಿ ಎಲೆ ಬಿಚ್ಚೋಕೆ ಹೋದ್ಲು" ಎಂದು ನಮ್ಮ ಕೇರಿಯಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬೇರೆಯವರ ಮಾತು ನನ್ನ ಬೆರಳುಗಳನ್ನು ಹಾದು ಹೋಗುತ್ತದೆ, ನಾನು ಆಡಬೇಕಾಗಿಲ್ಲ. ಆ ಕೆಲಸ ನನಗೆ ಹಿಡಿಸಿದ್ದೇ ಅದಕ್ಕೆ. ನಾಲ್ಕು ಜನರ ಎದುರು ನಿಂತರೆ ನನ್ನ ನಾಲಿಗೆ ಅಂಟಿಕೊಳ್ಳುತ್ತದೆ. ಮನೆಗೆ ಬಂದು ದಿನಚರಿ ತೆರೆದರೆ ಮಾತ್ರ ನಿಲ್ಲುವುದಿಲ್ಲ.

ಜರಡಿಮನೆಯ ಗೋಡೆಯ ಮೇಲೆ ಜರಡಿಯ ಕಟ್ಟಳೆಯನ್ನು ಕೆತ್ತಿದ್ದಾರೆ. ತೂತು ಎಷ್ಟಿರಬೇಕು, ಯಾವ ಸಾಲಿನಲ್ಲಿರಬೇಕು, ಏನು ಇಳಿಯಬೇಕು, ಏನು ಮೇಲೆ ನಿಲ್ಲಬೇಕು, ಎಲ್ಲ. ಹಿಂದೆ ಒಂದು ಮನೆತನದವರು ತಮ್ಮ ಜರಡಿಯನ್ನು ಬೀಗ ಹಾಕಿದ ಕೋಣೆಯಲ್ಲಿ ಇಟ್ಟುಕೊಂಡಿದ್ದರಂತೆ. ಅವರು ಮುನಿಸಿಕೊಂಡರೆ ಊರಿಗೆ ಊರೇ ಮೂಕ. ಅದಕ್ಕೆ ಬೇಸತ್ತ ಜನ ತಾವೇ ಒಂದನ್ನು ಮಾಡಿ, ಗೋಡೆಯ ತಲೆಯಲ್ಲಿ ಹೀಗೆ ಬರೆದರು: ಈ ಜರಡಿ ಯಾರದ್ದೂ ಅಲ್ಲ, ಯಾರು ಬೇಕಾದರೂ ಮಾಡಿಕೊಳ್ಳಬಹುದು, ಮಾಡಿಕೊಂಡವರು ಮುಚ್ಚಿಡಬಾರದು. ಈ ಸಾಲನ್ನು ನಮ್ಮೂರಿನ ಮಕ್ಕಳು ಅಕ್ಷರಮಾಲೆಗಿಂತ ಮೊದಲು ಕಲಿಯುತ್ತಾರೆ.

ಏಕೆ ಜರಡಿ ಹಿಡಿಯಬೇಕೆಂದರೆ, ಮಾತು ಬಾಯಿಂದ ಬಿದ್ದಂತೆಯೇ ಕಳಿಸಿದರೆ ಹಗ್ಗ ತಡೆಯುವುದಿಲ್ಲ. ಒಬ್ಬರ ಮಾತೇ ದಿನವನ್ನೆಲ್ಲ ತಿನ್ನುತ್ತದೆ. ಕಿವಿಗೆ ಬೇಕಿಲ್ಲದ್ದನ್ನು ತೆಗೆದರೆ ಊರಿಗೆಲ್ಲ ಸರದಿ ಸಿಗುತ್ತದೆ. ಯಾವುದು ಬೇಕಿಲ್ಲ ಎಂದು ತಿಳಿಯಲು ಹಿರಿಯರು ಊರವರನ್ನು ಜಗಲಿಯ ಮೇಲೆ ಸಾಲಾಗಿ ಕೂರಿಸಿ, ಒಂದೊಂದು ಸದ್ದನ್ನೂ ತೆಗೆದು ಕೇಳಿಸಿ, "ಏನಾದ್ರೂ ಕಡಿಮೆ ಅನ್ನಿಸ್ತಾ?" ಎಂದು ಕೇಳಿದರಂತೆ. ಇಲ್ಲವೆಂದವರು ಹೆಚ್ಚಾದರೆ ಆ ಸದ್ದು ಹೊಟ್ಟಿಗೆ. ಉಸಿರು ಹೋಯಿತು. ಬಳೆಯ ಸದ್ದು, ಹಿಂದುಗಡೆ ಕೂಗುವ ಕೋಳಿ ಹೋಯಿತು. ದೊಡ್ಡ ಸದ್ದಿನ ಪಕ್ಕದಲ್ಲಿ ಬರುವ ಸಣ್ಣ ಸದ್ದು ಹೋಯಿತು, ಹೇಗೂ ಕೇಳಿಸುವುದಿಲ್ಲವೆಂದು. ನ್ಯಾಯವಾಗಿಯೇ ಮಾಡಿದ್ದಾರೆ. ಆದರೆ ಜಗಲಿಯ ಮೇಲೆ ಹಾಗೆ ಕೂತವರು ಉಂಡು, ಎಲೆ ಹಾಕಿಕೊಂಡು, ನಗುನಗುತ್ತಾ ಇದ್ದವರು. ಅದನ್ನು ನಾನು ಯೋಚಿಸಿದ್ದು ಈಚೆಗೆ.

ನನ್ನ ಅಕ್ಕ ಚಂದ್ರಮತಿ ಆಚೆಗೆ ಹೋಗಿ ಎರಡು ವರ್ಷವಾಗಿತ್ತು. ಬಸವಂತ ಭಾವ ಅಲ್ಲಿ ಕಂಬಳಿ ನೇಯುತ್ತಾರೆ. ಅಕ್ಕ ನಗುವಾಗ ಕೊನೆಯಲ್ಲಿ ಒಂದು ಸಣ್ಣ ಬಿಕ್ಕು ಬರುತ್ತಿತ್ತು, ನಗು ಎಡವಿ ಬಿದ್ದಂತೆ. ಜರಡಿಯಲ್ಲಿ ಅದು ಇಳಿಯಲಿಲ್ಲ. ಆಚೆಯಿಂದ ಬಂದ ಅವಳ ನಗು ಚೊಕ್ಕವಾಗಿತ್ತು, ತೊಳೆದಿಟ್ಟ ಲೋಟದಂತೆ. "ದನಿ ಅವಳದ್ದೇ ಕಣೆ" ಎಂದು ಅಮ್ಮ ಹಿಗ್ಗುತ್ತಿದ್ದಳು. ನಾನು ಪೊಟ್ಟಣ ಬಿಚ್ಚುತ್ತಾ ಆ ಬಿಕ್ಕಿಗಾಗಿ ಕಾಯುತ್ತಿದ್ದೆ. ಅವಳೊಡನೆ ನಾನು ಒಂದು ಸಲವೂ ಮಾತಾಡಿರಲಿಲ್ಲ. "ಅದು ಇಲ್ಲೇ ಕೂತಿದೆ, ನಾಚ್ಕೊಂಡು" ಎಂದು ಅಮ್ಮ ಪಕ್ಕದ ಬಾಯಿಗಲ್ಲಿಗೆ, ನಮ್ಮ ಕಡೆಯ ಮಾತು ಬೀಳುವ ಕಲ್ಲಿಗೆ, ಹೇಳುತ್ತಿದ್ದಳು. "ಅದ್ರ ಎಲೆ ಬಿಚ್ಚೋ ಕೈಗೆ ಒಂದು ಮುತ್ತು ಕೊಡಮ್ಮ" ಎಂದು ಅಕ್ಕ ಒಮ್ಮೆ ಕಳಿಸಿದಳು. ಅದು ಬಂದ ಎಲೆಗಳನ್ನು ನಾನು ಕಸಕ್ಕೆ ಹಾಕಲಿಲ್ಲ.

ಇನ್ನು ದ್ಯಾವಮ್ಮನ ವಿಷಯ ಹೇಳಬೇಕು. ಆಚೆಯವರು ಸುಮ್ಮನಿದ್ದಾಗ ಆ ಸುಮ್ಮನಿರುವುದನ್ನು ಪೊಟ್ಟಣ ಕಟ್ಟಿ ಕಳಿಸುವುದಿಲ್ಲ. ಆಗೊಂದು ಈಗೊಂದು ಬರಿ ಪೊಟ್ಟಣ ಬರುತ್ತದೆ, ಇದ್ದೇವೆ ಎನ್ನಲು. ಮೊದಲೆಲ್ಲ ಅಂಥ ಹೊತ್ತಿನಲ್ಲಿ ಕಿವಿಗಲ್ಲು ಪೂರ್ತಿ ತೆಪ್ಪಗಾಗಿ, ಕೂತವರು ಹಗ್ಗ ಹರಿಯಿತೆಂದು ಬೆದರಿ ಕಮರಿಯ ಅಂಚಿಗೆ ಓಡುತ್ತಿದ್ದರಂತೆ. ಹಾಗಾಗಿ ಹೂಂಗುಡುವವರನ್ನು ಇಟ್ಟರು. ಕಥೆ ಹೇಳುವವರಿಗೆ ಹೂಂಗುಡುವವರಿದ್ದರೆ ತಾನೆ ಕಥೆ ಮುಂದೆ ಹೋಗುವುದು? ದ್ಯಾವಮ್ಮ ಪರದೆಯ ಹಿಂದೆ ಹತ್ತಿ ಬಿಡಿಸುತ್ತಾ ಕೂತು, ಆಚೆಯಿಂದ ಏನೂ ಬರದಾಗ ಮೆಲ್ಲಗೆ "ಹೂಂ" ಎನ್ನುತ್ತಾಳೆ. ಯಾವ ಮನೆಯವರಿಗೆ ಎಂಥ ಹೂಂ ಎಂದು ಅವಳಿಗೆ ಗೊತ್ತು. ಅವಳು ಅಲ್ಲಿದ್ದಾಳೆಂದು ಊರಿಗೆಲ್ಲ ಗೊತ್ತು. ಆದರೂ ಕಲ್ಲಿನ ಮುಂದೆ ಕೂತ ಮೇಲೆ ಯಾರಿಗೂ ಅದು ನೆನಪಿರುವುದಿಲ್ಲ. ಆಚೆ ಕಡೆಯೂ ಇಂಥ ಒಬ್ಬರಿದ್ದಾರೆ, ನಮ್ಮ ಮೌನಕ್ಕೆ ಹೂಂ ಎನ್ನಲು.

ಅಕ್ಕ ಬಸುರಾದಳು. ಅಮ್ಮ ಸಂಜೆ ಸಂಜೆಯೂ ಬಂದು ಏನು ತಿನ್ನು, ಹೇಗೆ ಮಲಗು ಎಂದು ಹೇಳುತ್ತಿದ್ದಳು. ಕೊನೆಗೊಂದು ಸಂಜೆ ಅಕ್ಕನ ಮಾತು ಬಂತು: "ಬೆಳಗಿಂದ ಸೊಂಟ ಹಿಡ್ಕೊಂಡಂಗಿದೆ ಅಮ್ಮ. ಸೂಲಗಿತ್ತೀನ ಕರೆಯೋಕೆ ಹೋಗಿದಾರೆ. ನಾಳೆ ಇವರು ಬಂದು ಹೇಳ್ತಾರೆ."

ಮರುದಿನ ಅಮ್ಮ ಹೊತ್ತಿಗೆ ಮೊದಲೇ ಬಂದು ಕೂತಳು. ನಮ್ಮ ಸರದಿ ಬಂತು. "ಏನಾಯ್ತಪ್ಪ ಬಸವಂತ? ಹೆಣ್ಣೋ ಗಂಡೋ?" ಎಂದಳು. ಪೊಟ್ಟಣ ಬಂದವು. ಬಿಚ್ಚಿದೆ, ಬರಿದು. ಮತ್ತೊಂದು ಬಿಚ್ಚಿದೆ, ಅದೂ ಬರಿದು. ಪರದೆಯ ಹಿಂದಿನಿಂದ ದ್ಯಾವಮ್ಮ "ಹೂಂ" ಎಂದಳು.

"ಎಲ್ಲಾ ಸುಸೂತ್ರ ಆಯ್ತಾ?"

"ಹೂಂ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ಗಂಡಸಿಗೆ ಸಂತೋಷಕ್ಕೆ ಬಾಯೇ ಕಟ್ಟಿಹೋಗಿದೆ ನೋಡೆ" ಎಂದು ನನ್ನ ಕಡೆ ತಿರುಗಿದಳು. "ಹೋಗ್ಲಿ ಬಿಡಪ್ಪ. ಅವಳು ಮಲಗಿರ್ಲಿ, ಮಾತಾಡಿಸ್ಬೇಡ. ಬಾಣಂತಿ ಮಾತಾಡಿದ್ರೆ ತಲೆಗೆ ಗಾಳಿ ಹತ್ತುತ್ತೆ. ಬೆಳ್ಳುಳ್ಳಿ ಸುಟ್ಟು ಕೊಡು. ಮೆಣಸಿನ ಸಾರು ಮಾಡೋಕೆ ಬರುತ್ತಾ ನಿಂಗೆ? ಹೇಳ್ತೀನಿ ಕೇಳು."

ಅಂದಿನಿಂದ ಬಾಣಂತನ ಮುಗಿಯುವಷ್ಟು ಕಾಲ ಹೀಗೇ ನಡೆಯಿತು. ಅಮ್ಮ ಬಾಣಂತಿಯ ಊಟ, ಕೂಸಿನ ಎಣ್ಣೆನೀರು, ದೃಷ್ಟಿ ತೆಗೆಯುವ ಬಗೆ ಎಲ್ಲವನ್ನೂ ಬಾಯಿಗಲ್ಲಿಗೆ ಸುರಿದಳು. ಆಚೆಯಿಂದ ಬರಿ ಪೊಟ್ಟಣ. ದ್ಯಾವಮ್ಮನ ಹೂಂ. ಮನೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕವರಿಗೆ ಅಮ್ಮ ಹೇಳುತ್ತಿದ್ದಳು, "ಚಂದ್ರಿ ಇವತ್ತು ಬಂದಿದ್ಲು ಅನ್ಸುತ್ತೆ, ಹೂಂಗುಟ್ಟಿದ್ದು ಅವಳದ್ದೇ ಥರ ಇತ್ತು."

ಒಂದು ಮಾತ್ರ ನನ್ನ ಬೆರಳಿಗೆ ಸರಿಕಾಣಲಿಲ್ಲ. ಬರಿ ಪೊಟ್ಟಣಗಳು ಆಗೊಂದು ಈಗೊಂದು ಬರಬೇಕು. ಇವು ದಟ್ಟವಾಗಿ ಬರುತ್ತಿದ್ದವು, ಯಾರೋ ಬಿಡದೆ ಮಾತಾಡುತ್ತಿರುವಾಗ ಬರುವಂತೆ, ಒಂದರ ಬೆನ್ನಿಗೊಂದು. ನಮ್ಮ ಸರದಿ ಮುಗಿಯುವಷ್ಟರಲ್ಲಿ ಎಲೆಗಳ ರಾಶಿ ನನ್ನ ಮೊಣಕಾಲು ಮುಟ್ಟುತ್ತಿತ್ತು. ಜರಡಿಮನೆಯ ಯಜಮಾನರು ಕರಿಬಸಪ್ಪನವರು. ಅವರ ಬಳಿ ನಿಂತು, ಧೈರ್ಯ ಮಾಡಿ, "ಬರಿ ಪೊಟ್ಟಣ ಜಾಸ್ತಿ ಬರ್ತಿದೆ" ಎಂದೆ.

"ಆಚೆ ಗಾಳಿ ಜಾಸ್ತಿ ಕಣಮ್ಮ" ಎಂದರು. "ನಮ್ಮ ತಾತನ ಕಾಲದಿಂದ್ಲೂ ಹಂಗೇ. ಕೆಲವು ಮನೆಗಳಿಗೆ ಬರುತ್ತೆ, ಆಮೇಲೆ ತಾನೇ ನಿಲ್ಲುತ್ತೆ."

ನಾನು ಒಪ್ಪಿಕೊಂಡೆ. ಜರಡಿಮನೆಯಲ್ಲಿ ಬಿಚ್ಚುವವರು ಬಿಚ್ಚುತ್ತಾರೆ, ಕಟ್ಟುವವರು ಕಟ್ಟುತ್ತಾರೆ. ನಡುವೆ ಗೋಡೆ. ಕಟ್ಟುವ ಕೋಣೆಯಲ್ಲಿ ಏನು ನಡೆಯುತ್ತದೆಂದು ಬಿಚ್ಚುವವರು ನೋಡುವ ಪದ್ಧತಿಯಿಲ್ಲ. ನೋಡಿದರೆ ಕೈ ಹದ ಕೆಡುತ್ತದೆ ಎನ್ನುತ್ತಾರೆ.

ಜರಡಿ ಹಿಡಿಯುವವಳ ಮನೆಯಲ್ಲಿ ಮದುವೆಯಿದ್ದ ದಿನ ನನ್ನನ್ನು ಆ ಕೋಣೆಗೆ ಕಳಿಸಿದರು. ಮಧ್ಯಾಹ್ನದವರೆಗೆ ಸಲೀಸಾಗಿ ನಡೆಯಿತು. ಬಾಯಿಗಲ್ಲಿನಿಂದ ಮಾತು ಹಿಟ್ಟಿನಂತೆ ಉದುರುತ್ತದೆ, ನಾನು ಜರಡಿ ಆಡಿಸುತ್ತೇನೆ, ಕೆಳಗೆ ಇಳಿದದ್ದನ್ನು ಕಟ್ಟುವವನು ತಾಳ ತಪ್ಪದೆ ಎಲೆಗೆ ತುಂಬುತ್ತಾನೆ. ಆಮೇಲೆ ಒಬ್ಬ ಹೆಂಗಸು ಬಂದಳು. ಆಚೆಯಿರುವ ತಮ್ಮನಿಗೆ, ಅಪ್ಪ ಹೋದ ಸುದ್ದಿ ಹೇಳಬೇಕಿತ್ತು. ಬಾಯಿ ತೆರೆದಳು. ಅಳು ಬಂತು.

ಅದು ಉದುರಲಿಲ್ಲ, ಬಿತ್ತು. ಒದ್ದೆ ಹಿಟ್ಟಿನಂತೆ ಉಂಡೆ ಉಂಡೆಯಾಗಿ ಜರಡಿಯ ಮೇಲೆ ಕೂತುಬಿಟ್ಟಿತು. ನಾನು ಆಡಿಸಿದೆ. ಇಳಿಯಲಿಲ್ಲ. ಉಂಡೆಗಳ ನಡುವೆ ಅಲ್ಲಲ್ಲಿ ಸಣ್ಣ ಪದಗಳು ಸಿಕ್ಕಿಕೊಂಡಿದ್ದವು, ಕಲಸಿದ ಹಿಟ್ಟಿನಲ್ಲಿ ಜೀರಿಗೆಯಂತೆ: ಅಪ್ಪ, ನಿನ್ನೆ, ಬೆಳಗ್ಗೆ. ಅವೂ ಇಳಿಯಲಿಲ್ಲ. ಕಟ್ಟುವವನ ಕಡೆ ನೋಡಿದೆ. ಅವನು ಬರಿ ಎಲೆಗಳನ್ನು ಮಡಿಸಿ ಕಟ್ಟುತ್ತಿದ್ದ, ಅದೇ ತಾಳದಲ್ಲಿ, ಒಂದರ ಬೆನ್ನಿಗೊಂದು.

"ಏನೂ ಇಲ್ಲವಲ್ಲ, ಯಾಕೆ ಕಟ್ತೀರಿ?" ಎಂದೆ.

"ಬಾಯಿಗಲ್ಲಿಗೆ ಬೀಳ್ತಾ ಇರೋವರೆಗೂ ಕಟ್ಟಬೇಕು, ತಾಳ ತಪ್ಪಂಗಿಲ್ಲ" ಎಂದ. "ಒದ್ದೆ ಬಂದಾಗೆಲ್ಲ ಹಿಂಗೇ. ಮೇಲಿಂದು ತೆಗೆದು ಹಿಂದುಗಡೆ ಗುಂಡಿಗೆ ಹಾಕ್ಬಿಡವ್ವ, ತೂತು ಕಟ್ಕೊಂತವೆ."

ನಾನು ಹಾಕಲಿಲ್ಲ. ಆ ಹೆಂಗಸಿನ ಕೈ ಹಿಡಿದು, ಬಾಯಿ ಅವಳ ಕಿವಿಯ ಹತ್ತಿರ ತಂದು, "ಒಂದು ಚೂರು ನೀರು ಕುಡಿದು, ಅಳು ನಿಂತ ಮೇಲೆ ಹೇಳಿ. ಅಳುತ್ತಾ ಹೇಳಿದ್ರೆ ಹೋಗಲ್ಲ" ಎಂದೆ. ಅವಳು ಕಣ್ಣರಳಿಸಿ ನೋಡಿದಳು. ಆಚೆಯ ಹೂಂಗುಡುವವಳ ಹೂಂ ಅವಳ ತಮ್ಮನಿಗೆ ಎಷ್ಟು ಸಲ ಕೇಳಿಸಿತ್ತೋ ಆಗಲೇ.

ಮೊಣಕಾಲು ಮುಟ್ಟುವ ಎಲೆಯ ರಾಶಿ ಕಣ್ಣ ಮುಂದೆ ಬಂತು.

ಪರದೆಯ ಹಿಂದೆ ಹೋಗಿ ದ್ಯಾವಮ್ಮನಿಗೆ ಹೇಳಿದೆ. ಅವಳ ಕೈಯಲ್ಲಿದ್ದ ಹತ್ತಿ ಮಡಿಲಿಗೆ ಬಿತ್ತು. "ನಾನು ಬರೀ ಹೂಂ ಅಂದೆ ಕಣವ್ವ" ಎಂದಳು. "ಏನೂ ಬರದಾಗ ಹೂಂ ಅನ್ನು ಅಂತ ತಾನೆ ಗೋಡೆ ಮೇಲಿರೋದು? ಏನೂ ಬಂದಿರಲಿಲ್ಲ."

"ನಾಳೆ ಅಮ್ಮನ ಸರದೀಲಿ ನಾನೇ ಕೇಳ್ಲಾ, ಅಕ್ಕ ಇದಾಳಾ ಅಂತ?"

"ಕೇಳ್ಬೋದು. ನಿಮ್ಮವ್ವ ಕೇಳ್ಲಿಲ್ವಾ, ಎಲ್ಲಾ ಸುಸೂತ್ರ ಆಯ್ತಾ ಅಂತ? ಉತ್ರ ಒದ್ದೆಯಾಗಿ ಬಂದ್ರೆ ಮತ್ತೆ ಬರಿ ಎಲೆನೇ. ಅವನಿಗೆ ಅಳ್ಬೇಡ ಅಂತ ಹೇಳ್ತೀಯಾ? ಹೇಳಿದ್ರೆ ನಿಲ್ಲುತ್ತಾ?" ಮತ್ತೆ ಹತ್ತಿ ಎತ್ತಿಕೊಂಡಳು. "ಗೋಡೇಲಿ ಕೊನೇ ಸಾಲು ಓದು. ನೀನು ಓದಿರೋಳು."

ಕೊನೆಯ ಸಾಲು ನೆಲಕ್ಕೆ ಹತ್ತಿರವಿದೆ. ಅಲ್ಲಿ ಪೊರಕೆ ಒರಗಿಸಿರುತ್ತಾರೆ. ಜರಡಿ ತೆಗೆದು ಕಳಿಸುವುದಿದ್ದರೆ ಹಗ್ಗವೆಲ್ಲ ಒಬ್ಬರಿಗೇ ಬೇಕು. ಊರು ಒಪ್ಪಿದರೆ ಕೊಡಬಹುದು. ಬೇಕೆನ್ನುವವರು ಊರು ಸೇರುವ ಕಟ್ಟೆಯ ಬಳಿ ತಾವೇ ನಿಂತು ಕೇಳಬೇಕು. ಕೆಂಪು ಬಟ್ಟೆ ಕಟ್ಟಿ ಹಗ್ಗ ಎಳೆದರೆ ಆಚೆಯವರೂ ಜರಡಿ ತೆಗೆಯುತ್ತಾರೆ. ನಾನು ಹುಟ್ಟಿದ ಮೇಲೆ ಯಾರೂ ಹಾಗೆ ಕೇಳಿದ್ದಿಲ್ಲ.

ಕಟ್ಟೆಯ ಬಳಿ ಜನ ಸೇರಿದಾಗ ನಾನು ಎದ್ದು ನಿಂತೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಇದ್ದೆ, ರಕ್ತ ನಿಲ್ಲುವಷ್ಟು. "ನನಗೆ ಹಗ್ಗ ಬೇಕು" ಎಂದೆ. ದನಿ ನನ್ನದೆನ್ನಿಸಲಿಲ್ಲ.

"ಅರೆ, ಇದಕ್ಕೆ ಬಾಯಿದೆ" ಎಂದು ಯಾರೋ ಹಿಂದಿನಿಂದ ಅಂದರು. ನಗು ಎದ್ದಿತು.

ಬಳೆ ಲಚ್ಚಮ್ಮ ಸೊಂಟದ ಮೇಲೆ ಕೈಯಿಟ್ಟಳು. ಆಚೆಯ ಬಳೆ ಮಾಡುವವರೊಡನೆ ಅವಳಿಗೆ ದಿನವೂ ಮಾತಿರುತ್ತದೆ. "ಹಗ್ಗವೆಲ್ಲಾ ಬೇಕಾ? ಯಾಕವ್ವಾ, ಆ ಕಡೆಯಿಂದ ಯಾರಾದ್ರೂ ಕಛೇರಿ ಕೊಡ್ತಾರಾ? ಹಾಡು ನಮ್ಮ ಜರಡೀಲಿ ಇಳಿಯಲ್ಲ, ತಗಡು ಬಡಿದಂಗಾಗುತ್ತೆ ಅಂತ ನಾವು ಸುಮ್ನಿಲ್ವಾ?"

ನನ್ನ ಅನುಮಾನ ಹೇಳಬೇಕೆಂದರೆ ಅಮ್ಮ ಅಲ್ಲೇ ಇದ್ದಳು, ಮುಂದಿನ ಸಾಲಿನಲ್ಲಿ, ತಲೆಗೆ ಹೂ ಮುಡಿದು. ಅವಳೇ ಎದ್ದಳು.

"ನನಗೋಸ್ಕರ ಕೇಳ್ತಿದೆ ಕಣ್ರಪ್ಪಾ ಅದು" ಎಂದಳು. "ಅದಕ್ಕೆ ಹೇಳೋಕೆ ಬರಲ್ಲ. ಕೂಸಿನ ಅಳು ಜರಡೀಲಿ ಬರಲ್ವಲ್ಲ. ಮೊಮ್ಮಗೂನ ಅಳು ಒಂದ್ಸಲ ಕೇಳ್ಬೇಕು ಅಂತ ನಂಗಿದೆ, ಅದು ಇವಳಿಗೆ ಗೊತ್ತಾಗಿದೆ. ಒಂದೇ ಒಂದು ಮಧ್ಯಾಹ್ನ ಕೊಡಿ. ನಿಮ್ಮ ಮನೇಲೂ ಮಕ್ಕಳಿದಾವೆ."

ಲಚ್ಚಮ್ಮ ಸೊಂಟದಿಂದ ಕೈ ತೆಗೆದಳು. "ಅದನ್ನ ಮೊದ್ಲೇ ಹೇಳಬಾರ್ದಾ" ಎಂದಳು. ಕರಿಬಸಪ್ಪನವರು ಮಧ್ಯಾಹ್ನದ ಸರದಿಗಳನ್ನೆಲ್ಲ ಮುಂದಕ್ಕೆ ಹಾಕಿದರು. ಅಮ್ಮ ಮನೆಗೆ ಹೋಗಿ ಹೆಸರಿನುಂಡೆ ಕಟ್ಟಿದಳು, ಹಗ್ಗ ಬಿಟ್ಟುಕೊಟ್ಟ ಮನೆಗಳಿಗೆಲ್ಲ ಹಂಚಲು. ನಾನೂ ಪಕ್ಕದಲ್ಲಿ ಕೂತು ಕಟ್ಟಿದೆ. ಹೇಳಬಹುದಿತ್ತು. ನಾನು ತಪ್ಪಾಗಿರಬಹುದು ಎಂಬ ಆಸೆ ಉಂಡೆಯ ಜೊತೆ ಕೈಗೆ ಅಂಟುತ್ತಿತ್ತು. ಇನ್ನೊಂದು ಉಂಡೆ ಕಟ್ಟುವಷ್ಟು ಹೊತ್ತು ಅವಳು ಹಾಗೇ ಇರಲಿ ಎನ್ನಿಸಿತು.

ಕೆಂಪು ಬಟ್ಟೆ ಕಟ್ಟಿ ಹಗ್ಗ ಎಳೆದರು. ಎರಡೂ ಕಡೆಯ ಜರಡಿಗಳನ್ನು ತೆಗೆದು ಗೋಡೆಗೆ ಒರಗಿಸಿದರು. ಪೊಟ್ಟಣಗಳು ಬರತೊಡಗಿದವು, ಒಂದೊಂದೂ ತೆಂಗಿನಕಾಯಿಯಷ್ಟು. ಹಗ್ಗ ಜೋತು ಕಿರುಗುಟ್ಟಿತು. ಮೊದಲನೆಯದನ್ನು ನಾನೇ ಸುರಿದೆ. ಅದರಲ್ಲಿ ಮಾತಿರಲಿಲ್ಲ. ಉಸಿರು ಇತ್ತು, ಬಟ್ಟೆ ಸರಿದ ಸದ್ದು, ಕಾಲು ಬದಲಿಸಿದ ಸದ್ದು, ದೂರದಲ್ಲಿ ಎಲ್ಲೋ ಒಂದು ಕಾಗೆ.

"ಅಲ್ಲೂ ಕಾಗೆ ಇದಾವೇನೆ?" ಎಂದು ಅಮ್ಮ ಬೆರಗಾದಳು. ಬಾಗಿಲಲ್ಲಿ ನಿಂತವರೂ ಬೆರಗಾಗಿದ್ದರು.

ಆಮೇಲೆ ಭಾವನ ಅಳು ಬಂತು. ಗಂಡಸು ಅಷ್ಟು ಅಳುವುದನ್ನು ನಾನು ಕೇಳಿರಲಿಲ್ಲ. ನಮ್ಮೂರಿನಲ್ಲಿ ಯಾರೂ ಆಚೆಯಿಂದ ಯಾರ ಅಳುವನ್ನೂ ಕೇಳಿರಲಿಲ್ಲ. ಬಾಗಿಲಲ್ಲಿದ್ದ ಲಚ್ಚಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ಯಾಕಪ್ಪ ಬಸವಂತ?" ಎಂದಳು ಅಮ್ಮ. "ಯಾಕೆ ಅಳ್ತಿದೀಯ?"

"ಯಾಕೆ ಅಂತ ಇವತ್ತು ಕೇಳ್ತೀರಾ ಅತ್ತೆ?" ಭಾವನ ಮಾತು ತುಂಡು ತುಂಡಾಗಿ, ಆದರೆ ಪೂರ್ತಿಯಾಗಿ ಬಂತು, ಬಿಕ್ಕಿನ ಜೊತೆಗೇ. "ದಿನಾ ಹೇಳಿದೀನಿ. ಹೆರಿಗೆ ಆದ ಮಾರನೇ ದಿನಾನೇ ಬಂದು ಹೇಳ್ದೆ. ನೀವು ಹೂಂ ಅಂದ್ರಿ. ರಕ್ತ ನಿಲ್ಲಲಿಲ್ಲ ಅತ್ತೆ, ಬೆಳಗಾಗೋದ್ರೊಳಗೆ ಹೋದ್ಲು ಅಂದೆ. ಹೂಂ ಅಂದ್ರಿ. ಮಲಗಿರ್ಲಿ, ಮಾತಾಡಿಸ್ಬೇಡ ಅಂದ್ರಿ."

ಅಮ್ಮ ಕಲ್ಲನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು.

"ನಿಮಗೆ ತಲೆ ಕೆಟ್ಟಿರಬೇಕು ಅಂದ್ಕೊಂಡೆ. ಇಲ್ಲಾ, ದುಃಖಕ್ಕೆ ಹೀಗೂ ಒಂದು ದಾರಿ ಇರಬೇಕು ಅಂದ್ಕೊಂಡೆ. ಮೆಣಸಿನ ಸಾರು ಮಾಡು ಅಂದ್ರಿ. ಮಾಡ್ದೆ ಅತ್ತೆ. ಬೆಳ್ಳುಳ್ಳಿ ಸುಟ್ಟು, ನೀವು ಹೇಳ್ದಂಗೇ ಮಾಡಿ, ಎಲೆ ಹಾಕಿ ಅವಳಿಗೆ ಎಡೆ ಇಟ್ಟೆ. ದಿನಾ ಇಟ್ಟೆ. ನೀವು ಹೇಳಿದ್ದೆಲ್ಲಾ ಮಾಡಿದೀನಿ."

ಜರಡಿಯಿಲ್ಲದ ಹಗ್ಗದಲ್ಲಿ ಮೌನವೂ ಹಾಗೇ ಹೋಗುತ್ತದೆ, ದಪ್ಪ ಪೊಟ್ಟಣವಾಗಿ. ಅಮ್ಮ ಮಾತಾಡಲಿಲ್ಲ. ಪರದೆ ಸರಿಯಿತು. ದ್ಯಾವಮ್ಮ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುಂಬಿಕೊಂಡು ಕೂತಿದ್ದಳು, ಎಲ್ಲಿ ಹೂಂ ಎಂದುಬಿಡುತ್ತೇನೋ ಎಂದು.

ಮಾತಾಡಬೇಕಾದವಳು ನಾನು. ಬಾಯಿಗಲ್ಲಿಗೆ ಬಗ್ಗಿದೆ. "ಭಾವ, ನಾನು" ಎಂದೆ. "ನಿಮ್ಮ ಅಳು ಜರಡೀಲಿ ನಿಂತುಹೋಯ್ತು. ಮಾತೂ ಅದರ ಜೊತೇಲೇ ನಿಂತ್ಕೊಳ್ತು. ನಮಗೆ ಏನೂ ಬರಲಿಲ್ಲ. ಅಮ್ಮ ಹೂಂ ಅನ್ಲಿಲ್ಲ. ನಿಮ್ಮ ಕಡೆ ಹೂಂಗುಡೋರು ಅಂದಿದ್ದು."

ಅಕ್ಕನಿಗೆ ಹೇಳದೆ ಉಳಿಸಿಕೊಂಡಿದ್ದ ನನ್ನ ಮೊದಲ ಮಾತು ಹೀಗೆ ಖರ್ಚಾಯಿತು.

ಆಚೆ ಅಳು ನಿಂತಿತು. ಉಸಿರಷ್ಟೇ ಬರುತ್ತಿತ್ತು, ಪೊಟ್ಟಣದ ಮೇಲೆ ಪೊಟ್ಟಣ. ಅದರ ಹಿಂದೆ, ದೊಡ್ಡ ಸದ್ದಿನ ಬೆನ್ನಿಗೆ ಇಷ್ಟು ಹೊತ್ತೂ ಅಡಗಿದ್ದ ಇನ್ನೊಂದು ಸದ್ದು ಮೇಲೆದ್ದಿತು. ಸಣ್ಣದು, ಎಣ್ಣೆ ಕಾಣದ ಬಾಗಿಲು ತೆರೆದಂತೆ. ಆಮೇಲೆ ಜೋರಾಯಿತು.

ಅಮ್ಮ ತಲೆಯೆತ್ತಿದಳು. "ಯಾವುದು?" ಎಂದಳು.

"ಹೆಣ್ಣು ಅತ್ತೆ."

"ಹಾಲು?"

"ಪಕ್ಕದ ಮನೆಯವಳು ಕುಡಿಸ್ತಾಳೆ. ಅವಳದ್ದೂ ಒಂದು ಕೂಸಿದೆ."

ಕೂಸು ಅಳುತ್ತಲೇ ಇತ್ತು. ಅಳುವಿನ ಕೊನೆಯಲ್ಲಿ ಒಂದು ಬಿಕ್ಕು ಬಂತು, ಎಡವಿ ಬಿದ್ದಂತೆ. ನಾನು ಕೈಯಲ್ಲಿದ್ದ ಎಲೆಯನ್ನು ಹಾಗೇ ಹಿಡಿದು ನಿಂತೆ, ಮುಂದಿನದನ್ನು ಬಿಚ್ಚಲಿಲ್ಲ. ಕರಿಬಸಪ್ಪನವರು ತಾವೇ ಬಂದು ಬಿಚ್ಚಿದರು. ಕೆಂಪು ಬಟ್ಟೆ ಇಳಿಸುವ ಹೊತ್ತಾದಾಗ ಯಾರೂ ಇಳಿಸಲು ಹೋಗಲಿಲ್ಲ. ಕೊನೆಗೆ ಅಮ್ಮನೇ, "ಸಾಕು, ಬೇರೆಯವರ ಸರದಿ ಇರುತ್ತೆ" ಎಂದು ಎದ್ದಳು. ಹೆಸರಿನುಂಡೆಯ ಡಬ್ಬಿ ಕಲ್ಲಿನ ಬಳಿಯೇ ಉಳಿಯಿತು. ಯಾರೂ ಮುಟ್ಟಲಿಲ್ಲ, ಇರುವೆ ಹತ್ತಿತು.

ಆಮೇಲೆ ಕಟ್ಟೆಯ ಬಳಿ ಮಾತುಕತೆಯಾಯಿತು. ಜರಡಿ ಯಾರದ್ದೂ ಅಲ್ಲವಲ್ಲ, ತೂತು ದೊಡ್ಡದು ಮಾಡಿ ಎಂದರು ಕೆಲವರು. ದೊಡ್ಡದಾದರೆ ಅಳು ಇಳಿಯುತ್ತದೆ, ಆದರೆ ಇಬ್ಬರು ಅತ್ತರೆ ಸಾಕು ಊರಿನ ಸರದಿ ಮುಗಿಯುತ್ತದೆ ಎಂದರು ಕರಿಬಸಪ್ಪನವರು. ನ್ಯಾಯವಾಗಿ ಯೋಚಿಸಿದರೆ ಅವರು ಹೇಳುವುದು ಸರಿ. ಕೊನೆಗೆ ಬಾಯಿಗಲ್ಲಿನ ಪಕ್ಕ ಒಂದು ಹೂಜಿ ಇಟ್ಟರು. ಮೊದಲು ನೀರು ಕುಡಿಯಿರಿ, ಒಣಗಿದ ಮೇಲೆ ಮಾತಾಡಿ ಎಂದು ಗೋಡೆಯಲ್ಲಿ ಹೊಸದಾಗಿ ಕೆತ್ತಿದರು. ಜನ ಕಲಿತರು. ಭಾವನೂ ಒಣಗಿದ ಮಾತಾಡಲು ಕಲಿತಿದ್ದಾರೆ. "ಚೆನ್ನಾಗಿದೀವಿ ಅತ್ತೆ, ಕೂಸಿನ ಜ್ವರ ಇಳೀತು" ಎನ್ನುತ್ತಾರೆ. ಚೊಕ್ಕವಾಗಿ ಬರುತ್ತದೆ. ನಾನು ಮನೆಯಲ್ಲಿ ತಗಡಿನ ಮುಚ್ಚಳಕ್ಕೆ ತೂತು ಹೊಡೆಯುತ್ತಾ ಕೂರುತ್ತೇನೆ, ಕೂಸಿನ ಅಳುವಷ್ಟೇ ಇಳಿದು ಮಿಕ್ಕದ್ದು ನಿಲ್ಲುವ ಜರಡಿಗಾಗಿ. ಇನ್ನೂ ಆಗಿಲ್ಲ. ಮುಚ್ಚಳಗಳು ಕೆಟ್ಟಿವೆ.

ಅಮ್ಮ ಸಂಜೆ ಬರುವುದನ್ನು ಬಿಟ್ಟಿಲ್ಲ. ತನ್ನ ಸರದಿಯಲ್ಲಿ ಹೂಂ ಬೇಡವೆಂದು ದ್ಯಾವಮ್ಮನಿಗೆ ಹೇಳಿದ್ದಾಳೆ. ಭಾವ ಕೂಸನ್ನು ಎತ್ತಿಕೊಂಡು ಬಂದು, ತಮ್ಮ ಮಾತು ಮುಗಿಸಿ, ಬಾಯಿಗಲ್ಲಿನ ಎದುರು ಹಿಡಿಯುತ್ತಾರೆ. ಅದಕ್ಕೆ ಮಾತು ಬರುವವರೆಗೆ ಅದರದ್ದೇನೂ ಜರಡಿಯಲ್ಲಿ ಇಳಿಯುವುದಿಲ್ಲ. ಬರಿ ಪೊಟ್ಟಣಗಳು ಬರುತ್ತವೆ. ಕೆಲವು ಸಂಜೆ ಆಗೊಂದು ಈಗೊಂದು, ಕೆಲವು ಸಂಜೆ ಒಂದರ ಬೆನ್ನಿಗೊಂದು. ನಾನು ಬಿಚ್ಚುವುದಿಲ್ಲ. ಹಾಗೇ ಅಮ್ಮನ ಮಡಿಲಿಗೆ ಹಾಕುತ್ತೇನೆ.

ನಿನ್ನೆ ಮಡಿಲು ತುಂಬಿ ನೆಲಕ್ಕೆ ಚೆಲ್ಲಿತು. "ಇವತ್ತು ಜಾಸ್ತಿ ಅತ್ತಿದೆ ಕಣೆ, ಹೊಟ್ಟೆನೋವೋ ಏನೋ" ಎಂದಳು ಅಮ್ಮ. ಒಂದು ಪೊಟ್ಟಣ ಎತ್ತಿ ಎಲೆ ಬಿಡಿಸಿ, ಕಿವಿಯ ಹತ್ತಿರ ಹಿಡಿದು, "ಹೂಂ" ಎಂದಳು. ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡಳು. "ಹೂಂ."